ಕಾರ್ಡು ಕೈಯಲ್ಲಿದೆ, ಹೃದಯದ ಡಾಕ್ಟರು ಎಲ್ಲಿ?

ಮಳೆಗಾಲ ಬಂದರೆ ಪತ್ರಿಕೆಗಳ ಶಿವಮೊಗ್ಗ ಜಿಲ್ಲಾ ಪುಟದಲ್ಲಿ ಮಾಸ್ತಿಕಟ್ಟೆಯ ಹೆಸರು ತಪ್ಪುವುದಿಲ್ಲ. ಮಾಣಿ, ಯಡೂರು, ಹುಲಿಕಲ್, ಚಕ್ರಾ, ಸಾವೇಹಕ್ಲು, ಮಾಸ್ತಿಕಟ್ಟೆ ಎಂದು ಹೆಸರುಗಳ ಸಾಲು, ಪಕ್ಕದಲ್ಲಿ ಮಿಲಿಮೀಟರು. ಮಳೆ ನಿಂತ ಮೇಲೆ ಆ ಊರುಗಳ ಸುದ್ದಿಯೂ ನಿಲ್ಲುತ್ತದೆ. ಇಲ್ಲಿ ಬಿದ್ದ ನೀರೇ ವಾರಾಹಿಯ ಭೂಗರ್ಭ ವಿದ್ಯುದಾಗಾರಕ್ಕಿಳಿದು 460 ಮೆಗಾವಾಟ್ ಕರೆಂಟಾಗುವುದು. ಅದಕ್ಕಾಗಿ ಗದ್ದೆ, ತೋಟ, ಕಾಡು ಮುಳುಗಿಸಿಕೊಂಡ ಸೀಮೆ ಇದು. ಈ ಸೀಮೆಯ ಮನೆಗಳಲ್ಲಿ ಐವತ್ತು ದಾಟಿದವರಿಗೆ ಎದೆ ಬಿಗಿಯಾದಾಗ, ಬಿಪಿ ಹೆಚ್ಚಿದೆ ಎಂದು ಆರೋಗ್ಯ ಕೇಂದ್ರದಲ್ಲಿ ಹೇಳಿದಾಗ, ಆಗಲೇ ಒಂದು ಸ್ಟೆಂಟ್ ಹಾಕಿಸಿಕೊಂಡು ಬಂದಾಗ ಏಳುವ ಪ್ರಶ್ನೆ ಒಂದೇ: ಆಯುಷ್ಮಾನ್ ಕಾರ್ಡ್ ನಡೆಯುವ ಹಾರ್ಟ್ ಡಾಕ್ಟರು ಹತ್ತಿರದಲ್ಲಿ ಯಾರಿದ್ದಾರೆ? ಪ್ರಶ್ನೆ ನ್ಯಾಯವಾದದ್ದು. ಆದರೆ ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹೃದ್ರೋಗ ತಜ್ಞರು ವಿರಳ ಎನ್ನುವುದು ಅದಕ್ಕೆ ಅರ್ಧ ಕಾರಣ ಮಾತ್ರ. ಉಳಿದರ್ಧ ಯೋಜನೆಯ ಒಳಗೇ ಇದೆ. ಕಾರ್ಡಿನ ನಂಟು ಆಸ್ಪತ್ರೆಯ ಹಾಸಿಗೆಯೊಂದಿಗೆ, ಅಲ್ಲಿ ನಡೆಯುವ ಶಸ್ತ್ರಕ್ರಿಯೆಯೊಂದಿಗೆ. ಡಾಕ್ಟರೊಂದಿಗೆ ಅದಕ್ಕೆ ನಂಟಿಲ್ಲ. ಹೃದ್ರೋಗವೋ ಒಮ್ಮೆ ಬಂತೆಂದರೆ ಬದುಕಿರುವಷ್ಟು ದಿನ ಡಾಕ್ಟರನ್ನು ಬೇಡುವ ಕಾಯಿಲೆ. ಈ ಎರಡರ ನಡುವಿನ ಕಂದಕದಲ್ಲಿ ಮಲೆನಾಡಿನ ರೋಗಿ ಬೀಳುತ್ತಿದ್ದಾನೆ.

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವಲ್ಲ ಎಂಬುದನ್ನು ಮೊದಲೇ ಹೇಳಬೇಕು. 2003ರಲ್ಲಿ ಸಹಕಾರ ಸಂಘಗಳ ಸದಸ್ಯ ರೈತರಿಗಾಗಿ ಯಶಸ್ವಿನಿ ಶುರುವಾದಾಗ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ಕಟ್ಟಿದವರಿಗೆ ಹೃದಯದ ಶಸ್ತ್ರಚಿಕಿತ್ಸೆಯೂ ಸಿಗುತ್ತಿತ್ತು. ದೇಶದಲ್ಲಿ ಅಂಥದ್ದನ್ನು ಆಗ ಕಂಡವರು ಕಡಿಮೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, ಬಿಪಿಎಲ್ ಕುಟುಂಬಗಳಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಯಿತು. 2018ರ ಮಾರ್ಚ್‌ನಲ್ಲಿ ಇವುಗಳನ್ನೆಲ್ಲ ಒಟ್ಟುಗೂಡಿಸಿ ಆರೋಗ್ಯ ಕರ್ನಾಟಕ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಅದರೊಂದಿಗೆ ಬೆಸೆಯಿತು. ಈಗ ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕಾದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಭರಿಸುತ್ತಾರೆ. ಆಂಜಿಯೊಪ್ಲಾಸ್ಟಿ, ಬೈಪಾಸ್, ವಾಲ್ವ್ ಬದಲಾವಣೆ ಎಲ್ಲವೂ ಪಟ್ಟಿಯಲ್ಲಿವೆ.

ಇದರಿಂದ ಜೀವ ಉಳಿದಿದೆ ಎನ್ನುವುದಕ್ಕೆ ಗಟ್ಟಿ ಪುರಾವೆಯೂ ಇದೆ. ವಾಜಪೇಯಿ ಆರೋಗ್ಯಶ್ರೀ ಮೊದಲು ಜಾರಿಯಾದದ್ದು ಉತ್ತರದ ಜಿಲ್ಲೆಗಳಲ್ಲಿ. ಯೋಜನೆ ತಲುಪಿದ ಪ್ರದೇಶದ ಗಡಿಯ ಈಚೆ ಆಚೆ ಇದ್ದ, ಉಳಿದೆಲ್ಲದರಲ್ಲಿ ಒಂದೇ ಥರದ ಹಳ್ಳಿಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ, ಅಂದರೆ ಹೆಚ್ಚಾಗಿ ಹೃದ್ರೋಗ ಮತ್ತು ಕ್ಯಾನ್ಸರ್‌ನಿಂದ, ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆ ಇಲ್ಲದ ಹಳ್ಳಿಗಳಲ್ಲಿ ಶೇ 0.90 ಇದ್ದರೆ ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ 0.32 ಇತ್ತು. ಆಸ್ಪತ್ರೆಗಾಗಿ ಕೈಯಿಂದ ಹಾಕುವ ಖರ್ಚು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಈ ಅಂಕಿಗಳನ್ನು ಸರ್ಕಾರಗಳು ಹೆಮ್ಮೆಯಿಂದ ಹೇಳಿಕೊಂಡರೆ ತಪ್ಪಿಲ್ಲ. ಆದರೆ ಆ ಯೋಜನೆ ಹೇಗೆ ನಡೆಯುತ್ತಿತ್ತು ಎಂಬುದನ್ನೂ ಜೊತೆಗೆ ಹೇಳಬೇಕು. ನೋಂದಾಯಿತ ಆಸ್ಪತ್ರೆಗಳು ಹಳ್ಳಿ ಕಡೆ ಬಂದು ಶಿಬಿರ ನಡೆಸಬೇಕಿತ್ತು, ಅಲ್ಲೇ ತಪಾಸಣೆ ಮಾಡಿ, ಚಿಕಿತ್ಸೆ ಬೇಕಾದವರನ್ನು ತಾವೇ ಊರಿಂದ ಕರೆದೊಯ್ಯಬೇಕಿತ್ತು. ಡಾಕ್ಟರನ್ನು ಹುಡುಕುವ ಕೆಲಸ ರೋಗಿಯದಾಗಿರಲಿಲ್ಲ. ಇವತ್ತಿನ ಕಾರ್ಡು ಮೊತ್ತವನ್ನು ಹೆಚ್ಚಿಸಿಕೊಂಡಿದೆ, ಆದರೆ ಹುಡುಕುವ ಹೊಣೆಯನ್ನು ರೋಗಿಯ ಹೆಗಲಿಗೆ ದಾಟಿಸಿದೆ. ಶಿವಮೊಗ್ಗ ನಗರದಲ್ಲಿರುವವರಿಗೆ ಇದು ದೊಡ್ಡ ಹೊರೆಯಲ್ಲ. ಬಸ್ಸಿಗಾಗಿ ಒಂದು ಗಂಟೆ ಕಾಯುವ, ಫೋನಿನ ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಊರಿನವರಿಗೆ ದೊಡ್ಡದು.

ಕಾರ್ಡು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ತೋಟದ ದರೆ ಹತ್ತುವಾಗ ಒಬ್ಬರಿಗೆ ಎದೆ ಹಿಡಿದಂತಾಗುತ್ತದೆ, ಕೂತರೆ ಐದು ನಿಮಿಷಕ್ಕೆ ಹೋಗುತ್ತದೆ. ಗ್ಯಾಸು ಎಂದು ಒಂದಷ್ಟು ದಿನ ಕಳೆದು ಕೊನೆಗೆ ಪೇಟೆಯ ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ಓಪಿ ಚೀಟಿಗೆ ಹಣ, ಇಸಿಜಿಗೆ ಹಣ, ಎಕೋಗೆ ಹಣ, ಟ್ರೆಡ್‌ಮಿಲ್ ಪರೀಕ್ಷೆಗೆ ಹಣ, ರಕ್ತ ಪರೀಕ್ಷೆಗೆ ಹಣ. ಕಾರ್ಡು ತೋರಿಸಿದರೆ ಅಡ್ಮಿಟ್ ಆದರೆ ಮಾತ್ರ ಎನ್ನುತ್ತಾರೆ. ಕೌಂಟರಿನವರು ಸುಳ್ಳು ಹೇಳುತ್ತಿಲ್ಲ, ನಿಯಮ ಇರುವುದೇ ಹಾಗೆ. ಕೇಂದ್ರದ ಯೋಜನೆಯಲ್ಲಿ ಒಳರೋಗಿಯಾಗಿ ದಾಖಲಾದರೆ ಅದಕ್ಕೆ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ನಂತರದ 15 ದಿನಗಳ ಖರ್ಚು ಸೇರುತ್ತದೆ. ಅದರಾಚೆಗಿನ ತಪಾಸಣೆ, ಮಾತ್ರೆ, ಮರುಭೇಟಿ ರೋಗಿಯದೇ. ಹೀಗಾಗಿ ಲಕ್ಷಗಟ್ಟಲೆ ಖರ್ಚಿನ ಬೈಪಾಸ್ ಉಚಿತವಾಗಿ ಮಾಡಿಸಿಕೊಂಡವರು ಆರು ತಿಂಗಳ ನಂತರದ ಒಂದು ಎಕೋಗೆ ಕಾಸು ಹೊಂದಿಸಲಾಗದೆ ಸುಮ್ಮನಾಗುವುದು ಸಾಧ್ಯ.

ಇದು ಬರೀ ಕಾಸಿನ ಪ್ರಶ್ನೆಯೂ ಅಲ್ಲ, ಚಿಕಿತ್ಸೆ ಯಾವ ದಾರಿ ಹಿಡಿಯುತ್ತದೆ ಎಂಬುದರ ಪ್ರಶ್ನೆ. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಎಂಬ ದೊಡ್ಡ ಪ್ರಯೋಗದಲ್ಲಿ 37 ದೇಶಗಳ 5,179 ರೋಗಿಗಳಿದ್ದರು. ಹೃದಯಾಘಾತ ಆಗುತ್ತಿರುವವರಲ್ಲ ಅವರು, ನಡೆದಾಗ ಎದೆನೋವು ಬರುವಂಥ ಸ್ಥಿರ ಸ್ಥಿತಿಯಲ್ಲಿದ್ದವರು. ಅವರಲ್ಲಿ ಮೊದಲೇ ಆಂಜಿಯೊಗ್ರಾಂ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಿಗೂ, ಮೊದಲು ಸರಿಯಾದ ಔಷಧಿ ಕೊಟ್ಟು ಬೇಕಾದರೆ ಮಾತ್ರ ಮುಂದುವರಿದವರಿಗೂ ಸಾವು ಮತ್ತು ಹೃದಯಾಘಾತದ ಲೆಕ್ಕದಲ್ಲಿ ಒಟ್ಟಾರೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಹೆಚ್ಚಿದ್ದವರಿಗೆ ಸ್ಟೆಂಟಿನಿಂದ ಆರಾಮ ಸಿಕ್ಕಿತು, ಅದೂ ನಿಜವೇ. ಹಾಗಾದರೆ ಇಂಥ ಅನೇಕ ರೋಗಿಗಳಿಗೆ ಔಷಧಿಯಿಂದ ಶುರು ಮಾಡುವುದು ಒಪ್ಪತಕ್ಕ ದಾರಿ. ಆದರೆ ಆ ದಾರಿಗೆ ತಿಂಗಳು ತಿಂಗಳು ನೋಡುವ ಡಾಕ್ಟರು ಬೇಕು, ಮಾತ್ರೆ ಬೇಕು, ಪರೀಕ್ಷೆ ಬೇಕು. ನಮ್ಮ ಕಾರ್ಡು ಅವಕ್ಕೆ ಹಣ ಕೊಡುವುದಿಲ್ಲ, ಸ್ಟೆಂಟಿಗೆ ಕೊಡುತ್ತದೆ. ಯಾವ ಡಾಕ್ಟರ ಪ್ರಾಮಾಣಿಕತೆಯನ್ನೂ ಅನುಮಾನಿಸದೆಯೇ ಹೇಳಬಹುದು: ಬಡ ರೋಗಿಗೆ ದೊಡ್ಡ ಚಿಕಿತ್ಸೆ ಉಚಿತವಾಗಿ, ಸಣ್ಣ ಚಿಕಿತ್ಸೆ ದುಬಾರಿಯಾಗಿ ಸಿಗುವ ವ್ಯವಸ್ಥೆ ಎಲ್ಲರನ್ನೂ ದೊಡ್ಡದರ ಕಡೆಗೇ ನೂಕುತ್ತದೆ.

ಈಗ ತುರ್ತಿನ ಸಂಗತಿ. ಹೃದಯಾಘಾತವಾದಾಗ ಹಾರ್ಟ್ ಸ್ಪೆಷಲಿಸ್ಟ್ ಎಲ್ಲಿದ್ದಾರೆ ಎಂದು ಹುಡುಕುತ್ತಾ ಕೂರುವುದೇ ಅಪಾಯ. ರಕ್ತನಾಳ ಪೂರ್ತಿ ಕಟ್ಟಿಕೊಂಡ ಹೃದಯಾಘಾತದಲ್ಲಿ ಪ್ರತಿ ನಿಮಿಷಕ್ಕೂ ಸ್ನಾಯು ಸಾಯುತ್ತಿರುತ್ತದೆ. ಮೊದಲ ವೈದ್ಯಕೀಯ ಸಂಪರ್ಕವಾದ 120 ನಿಮಿಷದೊಳಗೆ ಆಂಜಿಯೊಪ್ಲಾಸ್ಟಿ ಸಾಧ್ಯವಾಗುವಂತಿದ್ದರೆ ಅದು ಮೇಲು, ಆಗದಿದ್ದರೆ ತಡಮಾಡದೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸಿ 24 ಗಂಟೆಯೊಳಗೆ ಆಂಜಿಯೊಗ್ರಾಂ ಮಾಡಿಸಬೇಕು ಎನ್ನುವುದು ಜಗತ್ತಿನಾದ್ಯಂತ ಒಪ್ಪಿದ ಮಾರ್ಗ. ಇದನ್ನು ಮಾಸ್ತಿಕಟ್ಟೆಯ ನಕ್ಷೆಯ ಮೇಲಿಟ್ಟು ನೋಡಿ. ಹೊಸನಗರಕ್ಕಾಗಲಿ ತೀರ್ಥಹಳ್ಳಿಗಾಗಲಿ ತಿರುವುಗಳ ದಾರಿಯಲ್ಲಿ ಸುಮಾರು ಒಂದು ಗಂಟೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಮತ್ತೆ 60 ಕಿಲೊಮೀಟರಿಗೂ ಹೆಚ್ಚು. ಇನ್ನೊಂದು ಕಡೆ ಬಾಳೆಬರೆ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರ ದಾಟಿ ಮಣಿಪಾಲ ಸೇರುವುದಕ್ಕೂ ಎರಡು ಗಂಟೆ ಹತ್ತಿರ ಹತ್ತಿರ, ಅದೂ ಮಂಜು, ಗುಡ್ಡ ಕುಸಿತ, ಮರ ಬಿದ್ದ ರಸ್ತೆ ಯಾವುದೂ ಇಲ್ಲದ ದಿನ. ಆಂಬುಲೆನ್ಸ್ ಬರುವ ಹೊತ್ತನ್ನು ಇದಕ್ಕೆ ಸೇರಿಸಿದರೆ 120 ನಿಮಿಷದ ಲೆಕ್ಕ ಇಲ್ಲಿಯವರಿಗೆ ಒದಗುವುದು ಅಪರೂಪ. ಅಂದಮೇಲೆ ಇಲ್ಲಿಯ ಹೃದಯಾಘಾತಕ್ಕೆ ಮೊದಲ ಹೃದಯ ವೈದ್ಯರು ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರೇ.

ಈ ಸತ್ಯವನ್ನು ಒಪ್ಪಿಕೊಂಡು ರೂಪಿಸಿದ್ದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ಹೃದಯಾಘಾತದಿಂದ ತೀರಿಕೊಂಡ ಆಘಾತ ನಾಡಿಗೆ ಇನ್ನೂ ಇದೆ. ಅವರ ಹೆಸರಿನಲ್ಲಿ 2023ರ ನವೆಂಬರ್‌ನಲ್ಲಿ ಆರಂಭವಾದ ಈ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷದಲ್ಲಿ ದೂರದ ತಜ್ಞರ ಕಣ್ಣಿಗೆ ಬೀಳುತ್ತದೆ. ಹೃದಯಾಘಾತ ಎಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಈ ಔಷಧಿಯ ಗುಣ ಗಮನಿಸಬೇಕು. ಹಳೆಯ ಸ್ಟ್ರೆಪ್ಟೊಕೈನೇಸ್ ಅನ್ನು ಸುಮಾರು ಒಂದು ಗಂಟೆ ಡ್ರಿಪ್ಪಿನಲ್ಲಿ ಬಿಡಬೇಕಿತ್ತು. ಟೆನೆಕ್ಟೆಪ್ಲೇಸ್ ಅನ್ನು ರೋಗಿಯ ತೂಕ ನೋಡಿ ಅಳತೆ ನಿರ್ಧರಿಸಿ ಒಂದೇ ಸಲಕ್ಕೆ ನರಕ್ಕೆ ಚುಚ್ಚಿದರೆ ಮುಗಿಯಿತು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೀಳುವ ಔಷಧಿ. ಮಿದುಳಿನಲ್ಲಿ ಹಿಂದೆ ರಕ್ತಸ್ರಾವವಾಗಿತ್ತೇ, ಇತ್ತೀಚೆಗೆ ಆಪರೇಷನ್ ಆಗಿತ್ತೇ ಎಂದು ಕೇಳಿಯೇ ಕೊಡಬೇಕು, ಆದ್ದರಿಂದ ರೋಗಿಯ ಜೊತೆ ಹೋಗುವವರು ಹಳೆಯ ಚೀಟಿಗಳನ್ನು ಮನೆಯಲ್ಲಿ ಬಿಟ್ಟು ಹೋಗಬಾರದು. ಇಂಥ ಜಾಲ ಕೆಲಸ ಮಾಡುತ್ತದೆಯೇ ಎನ್ನುವವರಿಗೆ ತಮಿಳುನಾಡಿನ ಉದಾಹರಣೆ ಇದೆ. ಅಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಜೋಡಿಸಿ, ಆಂಬುಲೆನ್ಸ್ ಮತ್ತು ಸರ್ಕಾರಿ ವಿಮೆಯನ್ನೂ ಅದರೊಳಗೆ ಸೇರಿಸಿ 2,420 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗಿನ ಸಾವು ಶೇ 17.6ರಿಂದ ಶೇ 14.2ಕ್ಕೆ ಇಳಿದಿತ್ತು. ಹೊಸ ಹೃದ್ರೋಗ ತಜ್ಞರನ್ನು ಹಳ್ಳಿಗೆ ತಂದು ಕೂರಿಸದೆಯೇ, ಇದ್ದವರನ್ನೇ ಒಬ್ಬರಿಗೊಬ್ಬರನ್ನು ಹೆಣೆದು ಪಡೆದ ಫಲ ಇದು.

ಆದ್ದರಿಂದ ಎದೆನೋವು ಎಡಗೈಗೋ ದವಡೆಗೋ ಹರಡಿ, ಬೆವರು ಕಿತ್ತುಕೊಂಡು ಬಂದರೆ ಕಾರಿನಲ್ಲಿ ಕೂರಿಸಿಕೊಂಡು ನೇರ ಮಣಿಪಾಲಕ್ಕೆ ಹೊರಡುವ ನಮ್ಮ ಕಡೆಯ ಅಭ್ಯಾಸವನ್ನು ಇನ್ನೊಮ್ಮೆ ಯೋಚಿಸಬೇಕಿದೆ. ದಾರಿಯಲ್ಲಿ ಇಸಿಜಿ, ಇಂಜೆಕ್ಷನ್ ಇರುವ ಸರ್ಕಾರಿ ಆಸ್ಪತ್ರೆಯನ್ನು ಮುಟ್ಟಿಯೇ ಮುಂದೆ ಹೋಗುವುದು ಒಳ್ಳೆಯದು. ಅಲ್ಲಿ ಕಳೆದ ಅರ್ಧ ಗಂಟೆ ನಷ್ಟವಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಕರಾವಳಿ ಮತ್ತು ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಹಂಚಿ, ಹಳ್ಳಿಯ ಡಾಕ್ಟರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಇಸಿಜಿಯ ಫೋಟೊ ನೋಡಿ ತಜ್ಞರು ಸಲಹೆ ಕೊಡುವ ಏರ್ಪಾಟನ್ನು ವರ್ಷಗಳಿಂದ ನಡೆಸುತ್ತಿದ್ದಾರೆ. ಒಂದು ಹಾಳೆಯ ಫೋಟೊ, ಓದಬಲ್ಲ ಒಬ್ಬ ತಜ್ಞ, ಚುಚ್ಚಬಲ್ಲ ಒಬ್ಬ ಡಾಕ್ಟರು. ಮೊದಲ ಗಂಟೆಗೆ ಬೇಕಾದ್ದು ಇಷ್ಟು. ತುರ್ತಿನಲ್ಲಿ ಕಾರ್ಡಿನ ನಿಯಮವೂ ರೋಗಿಯ ಪರವಾಗಿದೆ: ತುರ್ತು ಚಿಕಿತ್ಸೆಗಳ ಪಟ್ಟಿಗೆ ರೆಫರಲ್ ಪತ್ರ ಬೇಕಿಲ್ಲ, ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು.

ತುರ್ತಲ್ಲದ ಚಿಕಿತ್ಸೆಯಲ್ಲಿ ಮಾತ್ರ ಹುಡುಕಾಟ ನಿಜಕ್ಕೂ ಶುರುವಾಗುತ್ತದೆ. ಇಲ್ಲಿ ಕ್ರಮ ತಿಳಿದವರಿಗೂ ತಿಳಿಯದವರಿಗೂ ಅಜಗಜಾಂತರ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಕೊಡುತ್ತಾರೆ, ಅದನ್ನು ಹಿಡಿದು ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ಖಾಸಗಿಯಲ್ಲಿ ಆಂಜಿಯೊಗ್ರಾಂವರೆಗೂ ಕೈಯಿಂದ ಹಣ ಹಾಕಿ, ಬ್ಲಾಕ್ ಇದೆ ಎಂದಮೇಲೆ ರೆಫರಲ್‌ಗಾಗಿ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೋ ತಾಲ್ಲೂಕು ಆಸ್ಪತ್ರೆಗೋ ವಾಪಸು ಓಡುವವರು ಬಹಳ. ಇನ್ನೊಂದು ಸೂಕ್ಷ್ಮವಿದೆ. ಆಸ್ಪತ್ರೆ ಯೋಜನೆಯಲ್ಲಿದೆ ಎಂದಮಾತ್ರಕ್ಕೆ ಅಲ್ಲಿ ಹೃದಯದ ಚಿಕಿತ್ಸೆಯೂ ಇದೆ ಎಂದಲ್ಲ. ನೋಂದಣಿ ವಿಭಾಗವಾರು ಆಗಿರುತ್ತದೆ. ಮೂಳೆ ಚಿಕಿತ್ಸೆಗೆ ಕಾರ್ಡ್ ನಡೆಯುವ ಆಸ್ಪತ್ರೆಯಲ್ಲಿ ಹೃದ್ರೋಗಕ್ಕೆ ನಡೆಯದೆ ಇರಬಹುದು. ಬೋರ್ಡು ನೋಡಿ ಹೋಗುವ ಬದಲು ಫೋನ್ ಮಾಡಿ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಬೇಕು, ಕಾರ್ಡಿಯಾಲಜಿಗೆ ನೋಂದಣಿ ಈಗ ಚಾಲ್ತಿಯಲ್ಲಿದೆಯೇ, ಈ ಚಿಕಿತ್ಸೆಗೆ ಮುಂಗಡ ಅನುಮತಿ ಸಿಗುತ್ತದೆಯೇ, ಯಾವ ದಾಖಲೆ ಬೇಕು ಎಂದು. ಆಧಾರ್, ಪಡಿತರ ಚೀಟಿ, ಎರಡರಲ್ಲೂ ಹೆಸರು ಒಂದೇ ರೀತಿ ಇರಬೇಕು. ಹೆಸರಿನ ಮುಂದೆ ಒಂದು ಇನಿಷಿಯಲ್ ತಪ್ಪಿದ್ದಕ್ಕೇ ಅನುಮತಿ ತಡವಾಗಬಹುದು, ಇದನ್ನು ಆರೋಗ್ಯ ಸರಿ ಇರುವಾಗಲೇ ಸರಿಪಡಿಸಿಕೊಳ್ಳಬೇಕು. 104ಕ್ಕೆ ಅಥವಾ ಆಯುಷ್ಮಾನ್ ಭಾರತ್‌ನ 14555ಕ್ಕೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ.

ಆಯುಷ್ಮಾನ್ ಜಾಲತಾಣದಲ್ಲಿ ಆಸ್ಪತ್ರೆ ಹುಡುಕುವ ಪುಟದಲ್ಲಿ ರಾಜ್ಯ, ಜಿಲ್ಲೆ, ವಿಭಾಗ ಎಂದು ಆರಿಸಬೇಕು. ಮಾಸ್ತಿಕಟ್ಟೆಯವರು ತಮ್ಮ ಜಿಲ್ಲೆ ಶಿವಮೊಗ್ಗ ಎಂದು ಒತ್ತಿದರೆ ಘಟ್ಟದ ಕೆಳಗಿನ ಆಸ್ಪತ್ರೆಗಳು ಕಾಣಿಸುವುದೇ ಇಲ್ಲ, ಯಾಕೆಂದರೆ ಅವು ಉಡುಪಿ ಜಿಲ್ಲೆಯವು. ಆಡಳಿತದ ಗೆರೆಗೂ ಜನರ ಓಡಾಟಕ್ಕೂ ಇಲ್ಲಿ ಸಂಬಂಧವಿಲ್ಲ. ಹುಲಿಕಲ್, ಯಡೂರು, ನಗರ ಊರುಗಳ ಕಡೆಯವರಿಗೆ ಕುಂದಾಪುರ, ಮಣಿಪಾಲ ಪರಸ್ಥಳವಲ್ಲ. ರಾಜ್ಯದೊಳಗೆ ಯಾವ ಜಿಲ್ಲೆಯ ನೋಂದಾಯಿತ ಆಸ್ಪತ್ರೆಗಾದರೂ ಹೋಗುವ ಹಕ್ಕು ಕಾರ್ಡುದಾರರಿಗಿದೆ. ಜಿಲ್ಲೆ ದಾಟುವುದಕ್ಕೆ ಪೂರ್ವನಿದರ್ಶನವೂ ಇದೇ ಸೀಮೆಯಲ್ಲಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆ ಹಬ್ಬಿದಾಗ ರೋಗಿಗಳು ಹೋದದ್ದು ಮಣಿಪಾಲಕ್ಕೆ, ಆ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಹೊತ್ತುಕೊಳ್ಳಬೇಕಾಯಿತು. ಜನ ಎದ್ದು ಕೇಳಿದ್ದರಿಂದ ಅದಾಯಿತು. ಹೃದ್ರೋಗ ಮಂಗನ ಕಾಯಿಲೆಯಂತೆ ಒಂದೇ ಊರಿನಲ್ಲಿ ಒಟ್ಟಿಗೆ ಬಂದು ಸುದ್ದಿಯಾಗುವುದಿಲ್ಲ, ಮನೆ ಮನೆಯಲ್ಲಿ ಒಬ್ಬೊಬ್ಬರನ್ನೇ ಹಿಡಿಯುತ್ತದೆ. ಹಾಗಾಗಿ ಕೇಳುವ ದನಿ ಒಟ್ಟಾಗುವುದಿಲ್ಲ.

ಎಪಿಎಲ್ ಚೀಟಿಯ ಸಣ್ಣ ಅಡಿಕೆ ಬೆಳೆಗಾರರ ಪಾಡು ಬೇರೆ. ಒಂದೆಕರೆ ತೋಟ ಇದ್ದ ಮಾತ್ರಕ್ಕೆ ಎರಡು ಲಕ್ಷದ ಆಸ್ಪತ್ರೆ ಬಿಲ್ಲು ಕಟ್ಟುವ ಶಕ್ತಿ ಇರುತ್ತದೆಯೇ? ಕೊಳೆ ರೋಗ, ಎಲೆಚುಕ್ಕೆ ರೋಗ ತಗುಲಿದ ವರ್ಷವಂತೂ ಇಲ್ಲ. ಶೇ 30 ನೆರವಿನ ಮೇಲೆ ಉಳಿದ 70ನ್ನು ಹೊಂದಿಸಬೇಕಾದ ಇವರಿಗೆ ಯಶಸ್ವಿನಿಯೇ ಆಸರೆ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿಸಿದ್ದ ಆ ಯೋಜನೆಯನ್ನು ಸರ್ಕಾರ ಮತ್ತೆ ತಂದಿದೆ. 2022ರ ಕೊನೆಗೆ ನೋಂದಣಿ ಪುನಃ ಆರಂಭವಾದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ ಎಂದಿತ್ತು. ಸೊಸೈಟಿಯಲ್ಲಿ ಸಾಲ, ಗೊಬ್ಬರ, ಅಡಿಕೆ ವ್ಯವಹಾರ ಇಟ್ಟುಕೊಂಡ ಪ್ರತಿ ಮನೆಯೂ ನೋಂದಣಿಯ ಗಡುವಿನೊಳಗೆ ಇದನ್ನು ಮಾಡಿಸಿಕೊಂಡಿರಬೇಕು. ಗಡುವು ಮುಗಿದ ಮೇಲೆ ಎದೆನೋವು ಬಂದರೆ ಆ ವರ್ಷಕ್ಕೆ ದಾರಿಯಿಲ್ಲ. ಯಶಸ್ವಿನಿ ತನ್ನ ಮೊದಲ ವರ್ಷಗಳಲ್ಲಿ ನೋಂದಾಯಿತ ಆಸ್ಪತ್ರೆಗಳಲ್ಲಿ ಹೊರರೋಗಿಗಳಿಗೂ ಉಚಿತ ಸಮಾಲೋಚನೆ ಕೊಟ್ಟಿತ್ತು, ತಪಾಸಣೆಗೆ ರಿಯಾಯಿತಿ ಕೊಟ್ಟಿತ್ತು. ಇಪ್ಪತ್ತು ವರ್ಷಗಳ ಹಿಂದೆ, ವರ್ಷಕ್ಕೆ 60 ರೂಪಾಯಿ ಪಡೆದು ಸಾಧ್ಯವಾದದ್ದು ಈಗ ಅಸಾಧ್ಯ ಎಂದರೆ ನಂಬುವುದು ಕಷ್ಟ.

ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದ ನಂತರದ ಕಾಲ ಎಲ್ಲಕ್ಕಿಂತ ಕಡೆಗಣಿಸಿದ್ದು. ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ, ಕೊಲೆಸ್ಟರಾಲ್‌ಗೆ ಒಂದು, ಬಿಪಿಗೆ ಒಂದೋ ಎರಡೋ. ಆರಾಮಾಯಿತು ಎಂದು ಮೊದಲೆರಡನ್ನು ತಮ್ಮಷ್ಟಕ್ಕೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಿ ಮತ್ತೊಂದು ಆಘಾತವಾಗಬಹುದು. 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ಯೂರ್ ಅಧ್ಯಯನದ ಪ್ರಕಾರ, ಭಾರತವೂ ಸೇರಿದ ಕಡಿಮೆ ಆದಾಯದ ದೇಶಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರಲ್ಲಿ ಶೇ 80ರಷ್ಟು ಮಂದಿ ಈ ರಕ್ಷಣೆಯ ಮಾತ್ರೆಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಶ್ರೀಮಂತ ದೇಶಗಳಲ್ಲಿ ಆ ಪ್ರಮಾಣ ಶೇ 11ರ ಆಸುಪಾಸು. ಈ ಮಾತ್ರೆಗಳು ದುಬಾರಿಯವಲ್ಲ, ಜನರಿಕ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕೊರತೆ ಇರುವುದು ನೆನಪಿಸುವವರದು, ಬದಲಿಸುವವರದು, ಪ್ರಶ್ನೆಗೆ ಉತ್ತರ ಕೊಡುವವರದು. ಅದಕ್ಕೆ ತಜ್ಞರೇ ಬೇಕೆಂದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಮುನ್ನಡೆಸಿ, ದೇಶದ 14 ಆಸ್ಪತ್ರೆಗಳಲ್ಲಿ ನಡೆಸಿದ ಸ್ಪ್ರೆಡ್ ಎಂಬ ಪ್ರಯೋಗದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ರೋಗಿಗಳ ಜೊತೆ ನಿರಂತರ ಸಂಪರ್ಕ ಇಟ್ಟುಕೊಂಡರು. ವರ್ಷದ ಕೊನೆಗೆ ಆ ಗುಂಪಿನಲ್ಲಿ ಶೇ 97 ಮಂದಿ ಮಾತ್ರೆ ಸರಿಯಾಗಿ ನುಂಗುತ್ತಿದ್ದರು, ಇನ್ನೊಂದು ಗುಂಪಿನಲ್ಲಿ ಶೇ 92. ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ ಅದು ಆ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದವರ ಲೆಕ್ಕ, ಹುಲಿಕಲ್‌ನಂಥ ಊರಿನದಲ್ಲ. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಡಿ ಮನೆಗೆ ಬಂದು ಬಿಪಿ, ಸಕ್ಕರೆ ಕಾಯಿಲೆ ತಪಾಸಣೆ ಮಾಡಿ ಮಾತ್ರೆ ಕೊಡುವ ಏರ್ಪಾಟು ಮಾಡಿದ್ದಾರೆ. ಅದೇ ಕಾರ್ಯಕರ್ತರ ಪುಸ್ತಕದಲ್ಲಿ ಸ್ಟೆಂಟ್ ಆದವರು, ಬೈಪಾಸ್ ಆದವರು, ವಾಲ್ವ್ ಬದಲಿಸಿಕೊಂಡವರ ಹೆಸರೂ ಸೇರಲಿ.

ಇಲ್ಲಿಗೆ ಬಂದಾಗ ಆಕ್ಷೇಪಗಳು ಏಳುತ್ತವೆ. ಪ್ರತಿ ತಾಲ್ಲೂಕಿಗೂ ಹೃದ್ರೋಗ ತಜ್ಞರನ್ನು ಎಲ್ಲಿಂದ ತರುವುದು ಎನ್ನುತ್ತಾರೆ. ತರಲಾಗದು, ತರಬೇಕಾಗಿಯೂ ಇಲ್ಲ. ಎಂಬಿಬಿಎಸ್ ಮುಗಿಸಿ, ಮೂರು ವರ್ಷ ಎಂಡಿ, ಮತ್ತೆ ಮೂರು ವರ್ಷ ಡಿಎಂ ಓದಿದವರು ಆಂಜಿಯೊಗ್ರಾಂ ಮಾಡುವ ಕ್ಯಾಥ್ ಲ್ಯಾಬ್ ಇಲ್ಲದ ಊರಿನಲ್ಲಿ ಕುಳಿತರೆ ಅವರ ಕೈಚಳಕವೂ ಉಳಿಯುವುದಿಲ್ಲ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಿಂದ ಮೈಸೂರು, ಕಲಬುರಗಿಗೆ ಚಾಚಿಕೊಂಡಿದೆ, ಮಲೆನಾಡಿಗೆ ಒಂದು ಘಟಕ ಬೇಕೆಂಬ ಬೇಡಿಕೆ ಸರಿಯಾದದ್ದೇ. ಆದರೆ ಅದು ಬಂದರೂ ಶಿವಮೊಗ್ಗಕ್ಕೆ ಬರುತ್ತದೆ, ಮಾಸ್ತಿಕಟ್ಟೆಗಲ್ಲ. ಇಲ್ಲಿ ಕೇಳುತ್ತಿರುವುದು ಅದಕ್ಕಿಂತ ಸಣ್ಣದು: ಯೋಜನೆಯಿಂದ ಹೃದಯ ಚಿಕಿತ್ಸೆಗೆ ಹಣ ಪಡೆಯುವ ದೊಡ್ಡ ಆಸ್ಪತ್ರೆಗಳು ತಿಂಗಳಲ್ಲಿ ಗೊತ್ತಾದ ದಿನ ಹೊಸನಗರ, ಸಾಗರ, ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಒಬ್ಬ ಹೃದ್ರೋಗ ತಜ್ಞರನ್ನು, ಒಂದು ಎಕೋ ಯಂತ್ರವನ್ನು ಕಳಿಸಬೇಕು. ವಾಜಪೇಯಿ ಆರೋಗ್ಯಶ್ರೀಯಲ್ಲಿ ಶಿಬಿರ ಷರತ್ತಾಗಿತ್ತು. ಈಗಲೂ ಆಗಬಹುದು.

ಪ್ಯಾಕೇಜ್ ದರ ಕಡಿಮೆ, ಹಣ ತಡವಾಗಿ ಬರುತ್ತದೆ, ಹೀಗಿರುವಾಗ ಇನ್ನಷ್ಟು ಹೊರೆ ಹೊರಿಸಬೇಡಿ ಎನ್ನುವುದು ಖಾಸಗಿ ಆಸ್ಪತ್ರೆಗಳ ಮಾತು. ಇದನ್ನು ನೆಪ ಎಂದು ತಳ್ಳಿಹಾಕುವಂತಿಲ್ಲ. ಬಿಲ್ಲು ಬಾಕಿ ಉಳಿದರೆ ಸಣ್ಣ ಆಸ್ಪತ್ರೆ ನಿಜಕ್ಕೂ ಉಸಿರುಗಟ್ಟುತ್ತದೆ, ಆಗ ಯೋಜನೆಯಿಂದ ಹೊರಗೆ ಹೋಗುತ್ತದೆ, ಕೊನೆಗೆ ಕಾರ್ಡು ಹಿಡಿದು ಬಂದವರಿಗೇ ನಷ್ಟ. ಸರ್ಕಾರ ಗಡುವಿನೊಳಗೆ ಹಣ ಕೊಡಬೇಕು, ಶಿಬಿರಕ್ಕೆ ಬರುವ ಡಾಕ್ಟರ ದಿನಕ್ಕೂ ದರ ನಿಗದಿ ಮಾಡಿ ಕೊಡಬೇಕು, ಪುಕ್ಕಟೆ ಸೇವೆ ಕೇಳಬಾರದು. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧಿ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿತು. ಅಲ್ಲಿವರೆಗೆ ಲಕ್ಷ ದಾಟುತ್ತಿದ್ದ ಸ್ಟೆಂಟ್‌ಗಳಿದ್ದವು. ಮಿತಿ ಹಾಕಿದರೆ ಸ್ಟೆಂಟೇ ಸಿಗದಂತಾಗುತ್ತದೆ ಎಂಬ ಎಚ್ಚರಿಕೆ ಆಗಲೂ ಕೇಳಿತ್ತು. ಇವತ್ತಿಗೂ ಸ್ಟೆಂಟ್ ಹಾಕುವುದು ನಿಂತಿಲ್ಲ. ದೊಡ್ಡ ಖರ್ಚಿನ ಸಂಗತಿಯನ್ನು ಹಿಡಿತಕ್ಕೆ ತಂದ ಸರ್ಕಾರಕ್ಕೆ ಸಣ್ಣ ಖರ್ಚಿನದನ್ನು ವಹಿಸಿಕೊಳ್ಳುವುದು ಆಗದ ಕೆಲಸವಲ್ಲ.

ಹೊರರೋಗಿ ಚಿಕಿತ್ಸೆಗೂ ಕಾರ್ಡು ತೆರೆದರೆ ಸುಳ್ಳು ಬಿಲ್ಲುಗಳು ಬರುತ್ತವೆ, ಬೊಕ್ಕಸ ತಾಳದು ಎನ್ನುವುದು ಹೆಚ್ಚು ಗಂಭೀರವಾದ ಆಕ್ಷೇಪ. ಎಲ್ಲ ಕಾಯಿಲೆಗೂ, ಎಲ್ಲ ಕ್ಲಿನಿಕ್ಕಿಗೂ ತೆರೆದರೆ ಹಾಗಾಗಬಹುದು. ಆದರೆ ಹೃದಯಕ್ಕೆ ಚಿಕಿತ್ಸೆಯಾದವರ ಪಟ್ಟಿ ಸರ್ಕಾರದ ಬಳಿಯೇ ಇದೆ, ಯಾಕೆಂದರೆ ಆ ಚಿಕಿತ್ಸೆಗೆ ಹಣ ಕೊಟ್ಟದ್ದೇ ಸರ್ಕಾರ. ಅಷ್ಟೇ ಜನರಿಗೆ, ವರ್ಷಕ್ಕೆ ಗೊತ್ತಾದಷ್ಟು ಭೇಟಿ, ಒಂದು ಎಕೋ, ಒಂದು ಕೊಲೆಸ್ಟರಾಲ್ ಪರೀಕ್ಷೆ, ತಾಲ್ಲೂಕು ಆಸ್ಪತ್ರೆಯಿಂದಲೇ ಮಾತ್ರೆ ಎಂದು ನಿಗದಿ ಮಾಡಿದರೆ ಸುಳ್ಳು ಬಿಲ್ಲಿಗೆ ಜಾಗವೆಲ್ಲಿ? ಮಾತ್ರೆ ನಿಲ್ಲಿಸಿ ಎರಡನೇ ಆಘಾತವಾದರೆ ಅದೇ ಕಾರ್ಡಿನಿಂದಲೇ ಎರಡನೇ ಸ್ಟೆಂಟಿಗೂ ಹಣ ಹೋಗುತ್ತದೆ. ಬೊಕ್ಕಸದ ಲೆಕ್ಕ ನೋಡುವವರು ಆ ಮೊತ್ತವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ, ಉಳಿದ ಕಡೆಯವರಿಗಿಂತ ಐದಾರು ವರ್ಷ ಮುಂಚೆ ಬರುತ್ತದೆ ಎಂದು ಇಂಟರ್‌ಹಾರ್ಟ್ ಅಧ್ಯಯನ 2007ರಲ್ಲೇ ತೋರಿಸಿದೆ. ಅಂದರೆ ಇದು ದುಡಿಯುವವರ, ಮಕ್ಕಳ ಓದು ಮುಗಿಯದವರ ಕಾಯಿಲೆ. ಒಬ್ಬರು ಬಿದ್ದರೆ ತೋಟ ನೋಡುವವರಿಲ್ಲ, ಕೂಲಿಗೆ ಹೋಗುವವರಿಲ್ಲ.

ಇಷ್ಟಾದರೂ ನೆಟ್‌ವರ್ಕ್ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಇಸಿಜಿಯನ್ನು ತಜ್ಞರಿಗೆ ಕಳಿಸುವುದಕ್ಕೆ, 108ಕ್ಕೆ ಕರೆ ಮಾಡುವುದಕ್ಕೆ, ಆಸ್ಪತ್ರೆಯಲ್ಲಿ ಆಧಾರ್ ದೃಢೀಕರಣಕ್ಕೆ ಸಿಗ್ನಲ್ ಬೇಕು. ಸಾಗರ, ಹೊಸನಗರದ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂದು ಜನ ಬೋರ್ಡು ಹಾಕಿದ್ದು ಸಿನಿಮಾ ನೋಡುವುದಕ್ಕಲ್ಲ. ಸಿಗ್ನಲ್‌ನಂತೆ ದಾರಿಯೂ ಬೇಕು. ಶರಾವತಿ ಹಿನ್ನೀರಿನ ಆಚೆಯವರು ದಶಕಗಳ ಕಾಲ ಲಾಂಚಿಗೆ ಕಾದು, 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಕಂಡರು. ಸಿಗಂದೂರಿಗೆ ಹೋಗುವ ಭಕ್ತರಿಗೆ ಅನುಕೂಲವಾಯಿತು ಎಂದು ಎಲ್ಲರೂ ಬರೆದರು, ರಾತ್ರಿ ಎದೆನೋವು ಬಂದ, ಹಿನ್ನೀರಿನಾಚೆಯ ತುಮರಿಯವರು ಸಾಗರದ ಆಸ್ಪತ್ರೆ ಮುಟ್ಟಬಹುದು ಎನ್ನುವುದೂ ಅಷ್ಟೇ ದೊಡ್ಡ ಅನುಕೂಲ.

ಈ ಭಾಗದ ಗ್ರಾಮ ಸಭೆಗಳಲ್ಲಿ ಆರೋಗ್ಯ ಇಲಾಖೆಯವರು ಬಂದು ವರದಿ ಒಪ್ಪಿಸುವ ಪದ್ಧತಿ ಇದೆ. ಮುಂದಿನ ಸಭೆಯಲ್ಲಿ ಅವರನ್ನು ಕೇಳಬೇಕಾದ ಪ್ರಶ್ನೆಗಳು ಇವು: ನಮ್ಮ ತಾಲ್ಲೂಕು ಆಸ್ಪತ್ರೆ ಹೃದಯ ಜ್ಯೋತಿ ಜಾಲಕ್ಕೆ ಸೇರಿದೆಯೇ, ಸೇರಿದ್ದರೆ ಯಾವ ದೊಡ್ಡ ಆಸ್ಪತ್ರೆಗೆ ಜೋಡಿಸಿದ್ದಾರೆ? ಟೆನೆಕ್ಟೆಪ್ಲೇಸ್ ಇವತ್ತು ದಾಸ್ತಾನಿನಲ್ಲಿದೆಯೇ, ರಾತ್ರಿ ಪಾಳಿಯ ಡಾಕ್ಟರಿಗೆ ಅದನ್ನು ಕೊಡಲು ತರಬೇತಿ ಆಗಿದೆಯೇ? ಹೃದಯದ ಚಿಕಿತ್ಸೆಗೆ ಕಾರ್ಡ್ ನಡೆಯುವ ಶಿವಮೊಗ್ಗ ಮತ್ತು ಉಡುಪಿ ಎರಡೂ ಜಿಲ್ಲೆಗಳ ಆಸ್ಪತ್ರೆಗಳ ಹೆಸರು, ಆರೋಗ್ಯಮಿತ್ರರ ಫೋನ್ ನಂಬರು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಯಾಕಿಲ್ಲ? ಉತ್ತರಗಳನ್ನು ನಡಾವಳಿಯಲ್ಲಿ ಬರೆಸಿ, ಮೂರು ತಿಂಗಳಿಗೊಮ್ಮೆ ಮತ್ತೆ ಕೇಳಬೇಕು.